ಅಮಾವಾಸ್ಯೆ ಮರುದಿನ ಕಂಡ ‘ಚಂದ್ರ’

28 ಫೆಬ್ರುವರಿ 2025, ಶುಕ್ರವಾರ
ಹನುಮಂತನಗರ, ರಾತ್ರಿ 10.30

ಟೆಲಿಸ್ಕೋಪನ್ನು ಒರೆಸಿ ಮೂಲೆಗಿಟ್ಟು, ಊಟ ಮುಗಿಸಿ ಈಗಷ್ಟೇ ಕೂತೆ. ಎದುರಿಗೆ ನಮ್ಮ ವಿಜ್ಞಾನ ಸಂಘದ ವಾರ್ಷಿಕ ವರದಿಯ ಕರಡು ಇದೆ. ಕಾರ್ಯದರ್ಶಿ ಅಂದಮೇಲೆ ಅದು ನನ್ನ ಕೆಲಸ. ‘ಈ ವರ್ಷದ ಸಾಧನೆಗಳು’ ಅಂತ ಬರೆದು ಒಂದು ವಾರವಾಯಿತು. ಅದರ ಕೆಳಗೆ ಏನು ಹಾಕಬೇಕು ಅಂತ ಇವತ್ತು ಗೊತ್ತಾಯಿತು.

ಇವತ್ತು ರಾಷ್ಟ್ರೀಯ ವಿಜ್ಞಾನ ದಿನ. ಬೆಳಕು ಚದುರುವಾಗ ಅದರಲ್ಲಿ ಸ್ವಲ್ಪ ಭಾಗದ ಬಣ್ಣ ಬದಲಾಗುತ್ತೆ ಅನ್ನೋ ಸಿ.ವಿ. ರಾಮನ್ ಅವರ ‘ರಾಮನ್ ಪರಿಣಾಮ’ ಪತ್ತೆಯಾಗಿದ್ದು 1928ರ ಇದೇ ದಿನ, ಕೋಲ್ಕತ್ತದಲ್ಲಿ. ಆಮೇಲೆ ರಾಮನ್ ನಮ್ಮ ಬೆಂಗಳೂರಿಗೆ ಬಂದು ಇಲ್ಲೇ ನೆಲೆಸಿದರು. ಪ್ರತಿವರ್ಷ ಈ ದಿನ ನಾವು ಹಾಲ್ ಹಿಡಿದು, ಅತಿಥಿಗಳನ್ನು ಕರೆಸಿ ಭಾಷಣ ಇಡುತ್ತಿದ್ದೆವು. ಈ ಸಲ ಅದು ಬೇಡ, ಪಾರ್ಕಿಗೆ ಹೋಗೋಣ ಅಂತ ನಾನೇ ಹಟ ಹಿಡಿದೆ.

ಆರೂಮುಕ್ಕಾಲಿಗೆ ನಮ್ಮ 6 ಇಂಚಿನ ಟೆಲಿಸ್ಕೋಪ್ ಸಿದ್ಧವಾಗಿತ್ತು. ವಾಚ್‌ಮನ್ ಅಣ್ಣ ಹತ್ತಿರದ ಎರಡು ಲೈಟ್ ಆರಿಸಿಕೊಟ್ಟರು. ಪಶ್ಚಿಮದಲ್ಲಿ ಶುಕ್ರ ಬೆಳಗುತ್ತಿತ್ತು. ಗುರು ಇನ್ನೂ ಮೇಲಿತ್ತು. ವಾಕಿಂಗ್ ಬಂದವರು, ಟ್ಯೂಷನ್ ಮುಗಿಸಿದ ಮಕ್ಕಳು, ಹಾಲು ತರಲು ಹೊರಟವರು ಎಲ್ಲ ಸಾಲು ನಿಂತರು.

ಏಳೆಂಟು ವರ್ಷದ ಒಬ್ಬ ಹುಡುಗಿ ಸ್ಟೂಲ್ ಹತ್ತಿದಳು. ಒಂದು ಕಣ್ಣನ್ನು ಅಂಗೈಯಿಂದ ಒತ್ತಿ ಮುಚ್ಚಿ, ಉಸಿರು ಬಿಗಿಹಿಡಿದು ನೋಡಿದಳು. ‘ಅಜ್ಜಿ, ಚಂದ್ರ! ಪುಟ್ಟ ಚಂದ್ರ!’ ಅಂತ ಕೂಗಿದಳು.

ತಪ್ಪೇನಿಲ್ಲ. ಶುಕ್ರ ಈಗ ಭೂಮಿಗೂ ಸೂರ್ಯನಿಗೂ ನಡುವೆ ಬರುತ್ತಿದೆ. ಬಿಸಿಲು ಬಿದ್ದ ಭಾಗ ನಮಗೆ ಓರೆಯಾಗಿ ಸ್ವಲ್ಪವೇ ಕಾಣುತ್ತದೆ. ನೋಡಿದರೆ ಥೇಟ್ ಬಿದಿಗೆ ಚಂದ್ರನ ಹಾಗೆಯೇ. ‘ಅಲ್ಲ ಪುಟ್ಟಿ, ಅದು ಶುಕ್ರ’ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಜ್ಜಿಯೇ ಅಂದರು, ‘ನಿನ್ನೆ ಅಮಾವಾಸ್ಯೆ ಅಲ್ವೇನೇ? ಇವತ್ತು ಪಾಡ್ಯ. ಚಂದ್ರ ಎಲ್ಲಿಂದ ಬರ್ತಾನೆ?’

ಹುಡುಗಿ ಸ್ಟೂಲಿನಿಂದ ಇಳಿದು ಆಕಾಶವನ್ನು ಒಂದು ಸುತ್ತು ನೋಡಿದಳು. ಚಂದ್ರ ಎಲ್ಲೂ ಇಲ್ಲ. ಟೆಲಿಸ್ಕೋಪಿನ ಕೊಳವೆಗೆ ಕೆನ್ನೆಯೊತ್ತಿ, ಅದು ಯಾವ ಕಡೆ ತಿರುಗಿದೆ ಅಂತ ನೋಡಿದಳು. ಅದರ ನೇರಕ್ಕೆ ಆ ಬಿಳಿ ಚುಕ್ಕೆ. ‘ಹಂಗಾದ್ರೆ ಈ ಚುಕ್ಕೇನೇ ಹಿಂಗಿರೋದಾ?’ ಅಂದಳು. ನಾನು ಬಾಯಿ ಬಿಡಲೇ ಇಲ್ಲ. ಅನುಮಾನ ಎತ್ತಿದ್ದು ಅಜ್ಜಿ, ಪರೀಕ್ಷೆ ಮಾಡಿದ್ದು ಮೊಮ್ಮಗಳು. ಗೆಲಿಲಿಯೋ ಕೂಡ 1610ರಲ್ಲಿ ಶುಕ್ರನನ್ನು ಹೀಗೇ ನೋಡಿ, ಅದು ಸೂರ್ಯನ ಸುತ್ತ ತಿರುಗುತ್ತದೆ ಅನ್ನೋದಕ್ಕೆ ಆಧಾರ ಕಂಡುಕೊಂಡಿದ್ದು.

ಭೂಮಿ ತಿರುಗುವುದರಿಂದ ಒಂದೆರಡು ನಿಮಿಷಕ್ಕೊಮ್ಮೆ ಶುಕ್ರ ಐಪೀಸಿನಿಂದ (ಕಣ್ಣಿಟ್ಟು ನೋಡುವ ಮಸೂರದಿಂದ) ಜಾರಿಹೋಗುತ್ತಿತ್ತು. ಅದನ್ನು ಮತ್ತೆ ನಡುವಿಗೆ ತರೋದನ್ನೂ ಕೊನೆಗೆ ಅವಳೇ ಕಲಿತಳು. ಸಾಲಿನಲ್ಲಿ ಹಿಂದೆ ನಿಂತವರಿಗೆಲ್ಲ ಅವಳೇ ತೋರಿಸಿದಳು.

ವರದಿಗೆ ಬೇರೆ ವಿಷಯಗಳೂ ಇವೆ. ಶಾಲೆಗಳಲ್ಲಿ ಪ್ರಯೋಗ, ಪುಸ್ತಕ ಹಂಚಿದ್ದು, ಅಕ್ಟೋಬರ್ ಶುರುವಿನಲ್ಲಿ ಮಹಡಿ ಹತ್ತಿ ಬೆಳಗಿನ ಜಾವ ಸುಚಿನ್‌ಶಾನ್-ಅಟ್ಲಾಸ್ ಧೂಮಕೇತುವಿಗೆ ಕಾದಿದ್ದು. ಅವನ್ನೆಲ್ಲ ಒಂದೊಂದು ಸಾಲಿನಲ್ಲಿ ಮುಗಿಸುತ್ತೇನೆ. ಆದರೆ ಏಪ್ರಿಲ್ 24ರ ಶೂನ್ಯ ನೆರಳಿನ ದಿನಕ್ಕೆ ಒಂದು ಪುಟ ಬೇಕೇ ಬೇಕು.

ಅವತ್ತು ಆಟದ ಮೈದಾನದಲ್ಲಿ ಪಿವಿಸಿ ಪೈಪ್ ನೆಟ್ಟಗೆ ನಿಲ್ಲಿಸಿ, ಹತ್ತು ನಿಮಿಷಕ್ಕೊಮ್ಮೆ ಅದರ ನೆರಳಿನ ತುದಿಗೆ ಮಕ್ಕಳಿಂದ ಸೀಮೆಸುಣ್ಣದ ಗುರುತು ಹಾಕಿಸಿದ್ದೆವು. 12 ಗಂಟೆಗೆ ನೆರಳು ಮಾಯವಾಗುತ್ತೆ ಅಂತ ಎಲ್ಲರೂ ಕಾದರು. ಆಗಲಿಲ್ಲ. 12 ಗಂಟೆ 18 ನಿಮಿಷದ ಸುಮಾರಿಗೆ ಪೈಪಿನ ಬುಡಕ್ಕೇ ಸೇರಿಕೊಂಡಿತು. ‘ಗಡಿಯಾರ ತಪ್ಪಾ, ಸೂರ್ಯ ತಪ್ಪಾ?’ ಅಂತ ಒಬ್ಬ ಹುಡುಗ ಕೇಳಿದ. ಗಡಿಯಾರ ನಡೆಯೋದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ. ಬೆಂಗಳೂರು ಇರೋದು ಸುಮಾರು 77.6ರಲ್ಲಿ. ಭೂಮಿ ಒಂದು ಡಿಗ್ರಿ ತಿರುಗೋಕೆ 4 ನಿಮಿಷ. ಗುಣಿಸಿದರೆ ಹತ್ತಿರ ಹತ್ತಿರ 20 ನಿಮಿಷ. ಅವತ್ತು ಸೂರ್ಯ ಎರಡು ನಿಮಿಷ ಮುಂದಿದ್ದ, ಅದನ್ನು ಕಳೆಯಬೇಕು. ನೆಲದ ಮೇಲೆ ಕೂತು ಸೀಮೆಸುಣ್ಣದಲ್ಲೇ ಅವರು ಈ ಲೆಕ್ಕ ಮಾಡಿದರು. ಉತ್ತರ ಬಂದಾಗ ಎದ್ದ ಕೂಗು ಇನ್ನೂ ಕಿವಿಯಲ್ಲಿದೆ.

ಜನ ಎಷ್ಟು ಸೇರಿದ್ದರು ಅಂತ ಬರೆಯೋದಕ್ಕಿಂತ ಇವನ್ನು ಬರೆಯೋದೇ ಸರಿ. ಕಮಿಟಿಯಲ್ಲಿ ಯಾರಾದರೂ ಕೇಳಿದರೆ ಹೇಳುತ್ತೇನೆ.

ಹೊರಡುವ ಮುಂಚೆ ಹುಡುಗಿ ನನ್ನ ನೋಟ್‌ಬುಕ್ಕಿನಲ್ಲಿ ಶುಕ್ರನ ಚಿತ್ರ ಬರೆದು ಕೆಳಗೆ ತಾರೀಖು ಹಾಕಿದಳು. ಶುಕ್ರ ನಮಗೂ ಸೂರ್ಯನಿಗೂ ನಡುವೆ ಬರುವ ಮಾರ್ಚ್ 22–23ರ ತನಕ ಆ ಗೆರೆ ತೆಳ್ಳಗಾಗುತ್ತಾ, ಉದ್ದವೂ ಆಗುತ್ತಾ ಹೋಗುತ್ತದೆ. ಅದನ್ನು ನಾನು ಹೇಳಲಿಲ್ಲ. ‘ಮುಂದಿನ ಶುಕ್ರವಾರ ಮತ್ತೆ ಬಂದು ಬರೀತೀಯಾ?’ ಅಂತಷ್ಟೇ ಕೇಳಿದೆ. ಅಜ್ಜಿ ಬೆರಳೆಣಿಸಿ, ‘ಅವತ್ತು ಅಷ್ಟಮಿ. ಚಂದ್ರನೂ ನೆತ್ತಿ ಮೇಲಿರ್ತಾನೆ, ಎರಡನ್ನೂ ನೋಡಬಹುದು’ ಅಂದರು.

ಮಾರ್ಚ್ 7, ಅದೇ ಪಾರ್ಕು, ಆರೂಮುಕ್ಕಾಲು. ವಾಚ್‌ಮನ್ ಅಣ್ಣನಿಗೆ ಲೈಟಿನ ವಿಷಯ ನಾಳೆಯೇ ಹೇಳಿಡಬೇಕು.