ನಾಣ್ಯದ ಚಿತ್ರ ಇರೋ ನೋಟು

ಬ್ರಿಟಿಷರ ಕಾಲದ ನೋಟು ಅಂದ್ರೆ ಎಲ್ರಿಗೂ ಮೊದ್ಲು ಕಣ್ಮುಂದೆ ಬರೋದು ರಾಜನ ದೊಡ್ಡ ಮುಖ. ನನಗೆ ಮಾತ್ರ ಆ ಕಾಲದ ಡಿಸೈನ್‌ಗಳಲ್ಲಿ 1917ರ ಒಂದ್ರೂಪಾಯಿ ನೋಟಿನಷ್ಟು ಇಷ್ಟ ಆಗಿದ್ದು ಇನ್ನೊಂದಿಲ್ಲ. ಬೆಂಗಳೂರಿನ ಬ್ರಂಟನ್ ರೋಡಲ್ಲಿರೋ, ಹಳೇ ನೋಟು ಸಂಗ್ರಹಿಸೋ ರೆಜ್ವಾನ್ ರಜಾಕ್ ಅವರ ಪೇಪರ್ ಮನಿ ಮ್ಯೂಸಿಯಂಗೆ ಹೋದ್ರೆ ದೊಡ್ಡ ನೋಟುಗಳನ್ನ ನೋಡ್ಕೊಂಡು ಇದನ್ನ ದಾಟಿ ಹೋಗ್ಬೇಡಿ.

ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂತು, ರೂಪಾಯಿ ಟಂಕಿಸೋಕೆ ಬೆಳ್ಳಿ ಸಾಲ್ತಿರ್ಲಿಲ್ಲ, ಅದಕ್ಕೆ 1917ರ ನವೆಂಬರ್ 30ಕ್ಕೆ ಸರ್ಕಾರ ಒಂದು ರೂಪಾಯಿಗೂ ನೋಟು ತಂತು. ನಮ್ಮ ಬೆಂಗಳೂರಲ್ಲೂ, ಪೇಟೆ ಇರ್ಲಿ ದಂಡು (ಕಂಟೋನ್ಮೆಂಟ್) ಇರ್ಲಿ, ಓಡ್ತಿದ್ದಿದ್ದು ಅದೇ ಬ್ರಿಟಿಷ್ ರೂಪಾಯಿ (ಮೈಸೂರು ಸಂಸ್ಥಾನದ ಟಂಕಸಾಲೆ ಅಷ್ಟೊತ್ತಿಗೆ ಎಷ್ಟೋ ವರ್ಷ ಹಿಂದೆನೇ ಮುಚ್ಚಿತ್ತು). ನಾಣ್ಯನ ಕಲ್ಲಿನ ಮೇಲೆ ಟಣ್ ಅನ್ನಿಸಿ ಸದ್ದು ಕೇಳಿ ತಗೊಳ್ತಿದ್ದ ಜನ ಅವ್ರು, ಕಾಗದ ಕೊಟ್ರೆ ಹೇಗೆ ನಂಬ್ತಾರೆ ಹೇಳಿ? ಹಾಗಾಗಿ ನೋಟಿನ ಎಡಗಡೆ ಮೇಲೆ ಐದನೇ ಜಾರ್ಜ್ ಮುಖ ಇರೋ ಬೆಳ್ಳಿ ರೂಪಾಯಿ ಚಿತ್ರನೇ ಅಚ್ಚು ಹಾಕಿದ್ರು. ಹಿಂದುಗಡೆ ಎಂಟು ಭಾಷೆಲಿ ಬೆಲೆ, ಅದ್ರಲ್ಲಿ ಕನ್ನಡನೂ ಇದೆ, ಆ ಹಳೇ ಅಚ್ಚಿನ ಪುಟ್ಟ ಅಕ್ಷರ ನೋಡಿದ್ರೆ ನಂಗೆ ಈಗ್ಲೂ ಖುಷಿಯಾಗುತ್ತೆ. 25 ನೋಟು ಸೇರಿಸಿ ಪುಸ್ತಕದ ಥರ ಮಾಡಿ ಕೊಡ್ತಿದ್ರು, ಬೇಕಾದಾಗ ಒಂದೊಂದೇ ಹರ್ಕೋಬೇಕು.

ಅದಕ್ಕೂ ಮುಂಚೆ ಸುಮಾರು ಐವತ್ತು ವರ್ಷ ನೋಟಿನ ಮೇಲೆ ಯಾರ ಮುಖನೂ ಇರ್ಲಿಲ್ಲ. ಸರ್ಕಾರವೇ ನೋಟು ಹೊರಡಿಸೋಕೆ ಮಾಡಿದ 1861ರ ಕಾಯ್ದೆ ಆದ್ಮೇಲೆ ಬಂದ ಮೊದಲ ನೋಟುಗಳಲ್ಲಿ ವಿಕ್ಟೋರಿಯಾ ರಾಣಿ ಇದ್ರು, ಆದ್ರೆ ಖೋಟಾ ನೋಟು ಬಂದು ಅದನ್ನ ವಾಪಸ್ ತಗೊಂಡು, 1867ರಿಂದ ಬರೀ ಅಕ್ಷರ, ಹಿನ್ನೆಲೆಯ ಬಣ್ಣದ ಅಚ್ಚು, ಅದೂ ಒಂದೇ ಪಕ್ಕ. ರಾಜನ ದೊಡ್ಡ ಭಾವಚಿತ್ರ ಬಂದಿದ್ದು 1923ರಲ್ಲಿ, ಹತ್ತು ರೂಪಾಯಿ ನೋಟಿನ ಮೇಲೆ.

ಒಂದ್ರೂಪಾಯಿ ನೋಟನ್ನ ಖರ್ಚಿನ ಲೆಕ್ಕ ನೋಡಿ 1926ರ ಜನವರಿ 1ಕ್ಕೆ ನಿಲ್ಲಿಸಿದ್ರು, ಎರಡನೇ ಯುದ್ಧ ಬಂದಾಗ 1940ರಲ್ಲಿ ಮತ್ತೆ ತಂದ್ರು. ಈಗಿನ ಒಂದ್ರೂಪಾಯಿ ನೋಟಲ್ಲೂ ನಾಣ್ಯದ ಚಿತ್ರ ಇದೆ, ಸಿಕ್ಕಿದ್ರೆ ತಿರುಗಿಸಿ ನೋಡಿ.

ನಿಮ್ಮನೇಲಿ ಅಜ್ಜಿ ಪೆಟ್ಟಿಗೇಲೋ ತಾತನ ಲೆಕ್ಕದ ಪುಸ್ತಕದಲ್ಲೋ ಇಂಥ ನೋಟು ಇದ್ರೆ ದಯವಿಟ್ಟು ಲ್ಯಾಮಿನೇಟ್ ಮಾಡಿಸ್ಬೇಡಿ, ಆಮೇಲೆ ಅದನ್ನ ಬಿಡಿಸೋಕಾಗಲ್ಲ, ಕಾಗದ ಹಾಳಾಗುತ್ತೆ.