ರಜೆಗೆ ಬೆಂಗಳೂರಿಗೆ ಬಂದಾಗ ಫೋಟೋ ಪ್ರದರ್ಶನ: ಬಾಡಿಗೆ ಗ್ಯಾಲರಿ ಮೊದಲು, ಮ್ಯೂಸಿಯಂ ಆಮೇಲೆ

ಹೊರದೇಶದಲ್ಲಿದ್ದು ವರ್ಷಕ್ಕೊಮ್ಮೆ ಊರಿಗೆ ಬರುವ ನಮ್ಮಂಥವರ ರಜೆ ಹೇಗೆ ಕರಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಮದುವೆ, ನಾಮಕರಣ, ಬ್ಯಾಂಕಿನ ಕೆವೈಸಿ, ಹಲ್ಲಿನ ಡಾಕ್ಟರು. ಉಳಿದ ಒಂದೆರಡು ದಿನದಲ್ಲಿ ಫೋಟೋ ಪ್ರದರ್ಶನ ನೋಡಬೇಕು ಅನ್ನುವವರು ಸಾಮಾನ್ಯವಾಗಿ ದೊಡ್ಡ ಮ್ಯೂಸಿಯಮ್ಮಿಗೆ ಹೋಗಿ ಬಂದು ಮುಗಿಸಿಬಿಡುತ್ತಾರೆ. ನಾನು ಉಲ್ಟಾ ಮಾಡಿ ಅಂತೀನಿ. ಮ್ಯೂಸಿಯಮ್ಮಿನ ಪ್ರದರ್ಶನ ತಿಂಗಳುಗಟ್ಟಲೆ ಇರುತ್ತದೆ, ಅದರ ಒಂದಷ್ಟು ಭಾಗ ಆನ್‌ಲೈನಿನಲ್ಲೂ ಸಿಗುತ್ತದೆ. ಬಾಡಿಗೆ ಗ್ಯಾಲರಿಯದು ನಾಲ್ಕೈದು ದಿನದ ಆಟ. ಗೋಡೆಯಿಂದ ಇಳಿಸಿದ ಮೇಲೆ ಎಲ್ಲೂ ಸಿಗುವುದಿಲ್ಲ. ಜೊತೆಗೆ, ಫೋಟೋ ತೆಗೆದವರು ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ.

ಮೊದಲು ನೋಡಬೇಕಾದದ್ದು ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು. ಅಲ್ಲಿನ ಗ್ಯಾಲರಿಗಳನ್ನು ಕಲಾವಿದರು, ಫೋಟೋ ಕ್ಲಬ್ಬಿನವರು ಬಾಡಿಗೆಗೆ ಪಡೆದು ಪ್ರದರ್ಶನ ಇಡುತ್ತಾರೆ. ಹೋದಸಲ ಅಲ್ಲಿ ನಿವೃತ್ತ ಅಧಿಕಾರಿಯೊಬ್ಬರ ಹಕ್ಕಿ ಚಿತ್ರಗಳಿದ್ದವು. ಬಾಗಿಲಲ್ಲಿ ಒಂದು ಮೇಜು, ದಾರ ಕಟ್ಟಿದ ಬಾಲ್ ಪೆನ್ನು, ಅಭಿಪ್ರಾಯ ಬರೆಯುವ ಪುಸ್ತಕ. ಕೊಕ್ಕರೆ ಬೆಳ್ಳೂರಿನ ಹುಣಸೆಮರದಲ್ಲಿ ಗೂಡು ಕಟ್ಟಿದ ಹೆಜ್ಜಾರ್ಲೆಯ (ಪೆಲಿಕನ್) ಫೋಟೋ ಒಂದಿತ್ತು, ಸುಮಾರು ಒಂದು ಬಾಗಿಲಿನ ಅಗಲ. ಆ ಹಕ್ಕಿಯ ಮೇಲ್ಕೊಕ್ಕಿನ ಅಂಚಿಗೆ ಸಾಲಾಗಿ ಚುಕ್ಕಿಗಳಿರುತ್ತವೆ. ಫೋನಿನಲ್ಲಿ ನೋಡಿದರೆ ಮರ, ಬಿಳೀ ಹಕ್ಕಿ, ಅಷ್ಟೇ. ಇಲ್ಲಿ ಚುಕ್ಕಿಗಳನ್ನು ಎಣಿಸಬಹುದಿತ್ತು. ಗೂಡಿನ ಕಡ್ಡಿಗಳ ಮೇಲೆ ಒಣಗಿದ ಹಿಕ್ಕೆ ಕೂಡ ಕಾಣುತ್ತಿತ್ತು.

ಬಗ್ಗಿ ನೋಡುತ್ತಿದ್ದಾಗ ಅವರೇ ಎದ್ದು ಬಂದರು. "ಇನ್ನೂ ಹತ್ತಿರ ಹೋಗಿ ಸರ್, ಪರವಾಗಿಲ್ಲ. ಗಾಜು ಹಾಕಿಲ್ಲ." ಯಾಕೆ ಹಾಕಿಲ್ಲ ಅಂದೆ. "ಗಾಜು ಹಾಕಿದ್ರೆ ಟ್ಯೂಬ್‌ಲೈಟ್ ಕಾಣುತ್ತೆ, ಹಕ್ಕಿ ಕಾಣಲ್ಲ." ಆಮೇಲೆ ಯಾರ ಮನೆ ಮಾಳಿಗೆ ಹತ್ತಿ ತೆಗೆದದ್ದು, ಆ ಮನೆಯವರು ಬೆಳಿಗ್ಗೆ ಏನು ತಿಂಡಿ ಕೊಟ್ಟರು, ಎಲ್ಲಾ ಹೇಳಿದರು. ಯಾವ ಮ್ಯೂಸಿಯಮ್ಮಿನ ಫಲಕದಲ್ಲೂ ಇದು ಬರೆದಿರುವುದಿಲ್ಲ ಅಲ್ವಾ?

ಕಾಡು, ಹಕ್ಕಿಗಳ ಫೋಟೋಗೆ ಬೆಂಗಳೂರು ಮೊದಲಿಂದಲೂ ಹೆಸರುವಾಸಿ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತ ರಾವ್ ಅವರಂಥವರು ಇಲ್ಲಿದ್ದುಕೊಂಡೇ ಕೆಲಸ ಮಾಡಿದವರು. ಬಂಡೀಪುರ, ರಂಗನತಿಟ್ಟು ಕೆಲವೇ ಗಂಟೆಗಳ ದಾರಿ. 1971ರಲ್ಲಿ ಶುರುವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಈಗಲೂ ಪ್ರದರ್ಶನಗಳನ್ನು ಮಾಡುತ್ತದೆ. ಟಿಕೆಟ್ ಬುಕ್ ಮಾಡುವ ಮೊದಲು ಅವರ ಕಾರ್ಯಕ್ರಮ ಪಟ್ಟಿ ನೋಡಿ. ಊರಿಗೆ ಬಂದ ಮೇಲೆ ಕನ್ನಡ ಪತ್ರಿಕೆಗಳ 'ನಗರದಲ್ಲಿ ಇಂದು' ಥರದ ಅಂಕಣ ನೋಡಿ. ಸಣ್ಣ ಪ್ರದರ್ಶನಗಳ ಸುದ್ದಿ ಇನ್‌ಸ್ಟಾಗ್ರಾಮಿಗಿಂತ ಅಲ್ಲಿ ಜಾಸ್ತಿ ಸಿಗುತ್ತದೆ. ಕೊನೆಯ ದಿನ ಮಧ್ಯಾಹ್ನದ ಮೇಲೆ ಮಾತ್ರ ಹೋಗಬೇಡಿ. ಸಂಜೆಯೊಳಗೆ ಗ್ಯಾಲರಿ ಖಾಲಿ ಮಾಡಬೇಕಾದ್ದರಿಂದ ಮೂರು ಗಂಟೆಗೇ ಫ್ರೇಮು ಇಳಿಸಿ ಸುತ್ತಲು ಶುರು ಮಾಡುತ್ತಾರೆ.

ಯಾವ ತಿಂಗಳು ಒಳ್ಳೆಯದು? ಡಿಸೆಂಬರ್, ಜನವರಿಯಲ್ಲಿ ಹವೆ ಚೆನ್ನ. ಆದರೆ ರಸ್ತೆಯಲ್ಲೇ ಚಿತ್ರಗಳನ್ನು ಮಾರುವ ಜನವರಿ ಮೊದಲ ವಾರದ ಚಿತ್ರಸಂತೆಯ ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸಂತೆ ನೋಡಲು ಹೋಗಿ, ಫೋಟೋ ನೋಡಲು ಆ ದಿನ ಬೇಡ. ಆಗಸ್ಟ್ ರಜೆ ಸಿಗುವವರಿಗೆ ಆಗಸ್ಟ್ 19ರ ಆಸುಪಾಸು ಅನುಕೂಲ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೆರೋಟೈಪ್ ಅನ್ನುವ ಮೊದಮೊದಲ ಫೋಟೋ ವಿಧಾನವನ್ನು ಜಗತ್ತಿಗೆ ತೋರಿಸಿದ ದಿನ ಅದು. ಈಗ ವಿಶ್ವ ಛಾಯಾಗ್ರಹಣ ದಿನ ಅಂತ ಆಚರಿಸುತ್ತಾರೆ, ಆ ನೆಪದಲ್ಲಿ ಪ್ರದರ್ಶನಗಳೂ ಇರುತ್ತವೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವೂ ಅದೇ ಹೊತ್ತಿಗೆ. ಹಾಗಾಗಿ ಆ ಕಡೆ ಟ್ರಾಫಿಕ್ ಕೇಳಬೇಡಿ.

ಒಂದು ದಿನಕ್ಕೆ ಒಂದೇ ದಿಕ್ಕು ಅಂತ ಇಟ್ಟುಕೊಳ್ಳಿ. ಪರಿಷತ್ತಿಗೆ ಹೋದ ದಿನವೇ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಅಂದರೆ ಎನ್‌ಜಿಎಂಎ ಮುಗಿಸಬಹುದು. ಮಾಣಿಕ್ಯವೇಲು ಅವರ ಹಳೇ ಬಂಗಲೆಯಲ್ಲಿ 2009ರಲ್ಲಿ ಶುರುವಾದ ಗ್ಯಾಲರಿ ಅದು. ಅಮ್ಮ ಜೊತೆಗಿದ್ದರೆ ಮರದ ನೆರಳಲ್ಲಿ ಕೂರಲೂ ಜಾಗವಿದೆ. ವಸಂತನಗರದ ಫ್ರೆಂಚ್ ಸಾಂಸ್ಕೃತಿಕ ಕೇಂದ್ರ ಅಲಿಯಾನ್ಸ್ ಫ್ರಾನ್ಸೇಸ್ ಕೂಡ ಇದೇ ಕಡೆ. ಇನ್ನೊಂದು ದಿನ ಇಂದಿರಾನಗರದ ಜರ್ಮನ್ ಸಾಂಸ್ಕೃತಿಕ ಕೇಂದ್ರ ಮ್ಯಾಕ್ಸ್ ಮ್ಯುಲ್ಲರ್ ಭವನ, ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್. ಬಸವನಗುಡಿಯ ವಿಶ್ವ ಸಂಸ್ಕೃತಿ ಸಂಸ್ಥೆಯಲ್ಲೂ ಆಗಾಗ ಪ್ರದರ್ಶನ ಇರುತ್ತದೆ. ಆ ದಿನ ಶುಕ್ರವಾರ ಆಗದಂತೆ ನೋಡಿಕೊಳ್ಳಿ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ದೋಸೆ ಇಲ್ಲದೆ ಬಸವನಗುಡಿಗೆ ಸುಮ್ನೆ ಯಾಕೆ ಹೋಗಬೇಕು?

ಕಸ್ತೂರಬಾ ರಸ್ತೆಯ ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಬಿಡಿ ಅಂತ ನಾನು ಹೇಳುತ್ತಿಲ್ಲ. 2023ರ ಫೆಬ್ರುವರಿಯಲ್ಲಿ ಬಾಗಿಲು ತೆರೆದಾಗ ಬರೋಡಾದ ಜ್ಯೋತಿ ಭಟ್ಟರ ಫೋಟೋಗಳನ್ನಿಟ್ಟಿದ್ದರು. ಹಳ್ಳಿ ಗೋಡೆಗಳ ಚಿತ್ತಾರವನ್ನೆಲ್ಲ ದಶಕಗಳ ಕಾಲ ಕಪ್ಪು ಬಿಳುಪಿನಲ್ಲಿ ಹಿಡಿದವರು ಅವರು. ಹೊರಗಿನಿಂದ ನೋಡಿದರೆ ಉಕ್ಕಿನ ನೀರಿನ ಟ್ಯಾಂಕಿನ ಹಾಗಿರುವ ಕಟ್ಟಡ. ಒಳಗೆ ಗಾಲಿಕುರ್ಚಿಯಲ್ಲಿ ಎಲ್ಲ ಕಡೆ ಓಡಾಡಬಹುದು, ವಯಸ್ಸಾದವರನ್ನು ಧೈರ್ಯವಾಗಿ ಕರೆದುಕೊಂಡು ಹೋಗಿ. ಅವರ ಸಂಗ್ರಹದ ಒಂದಷ್ಟು ಭಾಗ ಆನ್‌ಲೈನಿನಲ್ಲಿದೆ. ಅಲ್ಲಿಂದಲೇ ನೋಡಿಕೊಂಡು ಬಂದರೆ ಇಲ್ಲಿ ಯಾವುದರ ಮುಂದೆ ಜಾಸ್ತಿ ನಿಲ್ಲಬೇಕು ಅಂತ ಗೊತ್ತಾಗುತ್ತದೆ. ಎಂ.ಜಿ. ರಸ್ತೆ ಮೆಟ್ರೊದಲ್ಲಿ ಇಳಿದರೆ ಕೆಳಗಿನ ರಂಗೋಲಿ ಕಲಾ ಕೇಂದ್ರದಲ್ಲಿ ಏನಿದೆ ಅಂತ ಇಣುಕಿ, ಆಮೇಲೆ ನಡೆದೇ ಮ್ಯಾಪ್‌ಗೆ ಹೋಗಬಹುದು. ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಪ್ರಿಂಟುಗಳನ್ನು ಎಲ್ಲಾದರೂ ಹಾಕಿದ್ದಾರೆ ಅಂತ ಗೊತ್ತಾದರೆ ಮಾತ್ರ ನನ್ನ ಮೇಲಿನ ಮಾತೆಲ್ಲ ಮರೆತು ಮೊದಲು ಅಲ್ಲಿಗೆ ಓಡಿ.

ಮ್ಯಾಪ್, ಎನ್‌ಜಿಎಂಎ ಎರಡಕ್ಕೂ ಸೋಮವಾರ ರಜೆ. ಬ್ಯಾಂಕಿನ ಕೆಲಸ ಸೋಮವಾರಕ್ಕೆ ತಳ್ಳಿ. ಎನ್‌ಜಿಎಂಎಯಲ್ಲಿ ಭಾರತೀಯರಿಗೆ 20 ರೂಪಾಯಿ, ವಿದೇಶಿಯರಿಗೆ 500. ಬೇರೆ ದೇಶದ ಪಾಸ್‌ಪೋರ್ಟ್ ಇರುವವರು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡು ಜೇಬಿನಲ್ಲಿಟ್ಟುಕೊಳ್ಳಿ. ಮ್ಯೂಸಿಯಂ ಪ್ರವೇಶ ಶುಲ್ಕದಲ್ಲಿ ಒಸಿಐನವರೂ ಭಾರತೀಯರ ಸಮ ಅಂತ ಕೇಂದ್ರ ಗೃಹ ಸಚಿವಾಲಯದ 2021ರ ಅಧಿಸೂಚನೆ ಹೇಳುತ್ತದೆ. ಕೌಂಟರಿನವರಿಗೆ ಗೊತ್ತಿಲ್ಲದಿದ್ದರೆ ಸಮಾಧಾನವಾಗಿ ಹೇಳಿ. ಇನ್ನು ಯುಪಿಐ. ಅಮೆರಿಕ, ಬ್ರಿಟನ್, ಯುಎಇ ಸೇರಿ ಕೆಲವು ದೇಶಗಳ ಫೋನ್ ನಂಬರಿಗೆ ಎನ್‌ಆರ್‌ಇ, ಎನ್‌ಆರ್‌ಒ ಖಾತೆ ಜೋಡಿಸಿ ಬಳಸಬಹುದು, ಎಲ್ಲ ದೇಶದವರಿಗೂ ಇಲ್ಲ. ಆಟೋಗೆ ಚಿಲ್ಲರೆ ಇಟ್ಟುಕೊಳ್ಳಿ, ಇಲ್ಲವಾದರೆ ಅತ್ತಿಗೆಯ ಫೋನಿನಲ್ಲಿ ನಮ್ಮ ಯಾತ್ರಿ ಆ್ಯಪಿನಿಂದ ಆಟೋ ಬುಕ್ ಮಾಡಿಸಿ.

ಬಾಡಿಗೆ ಗ್ಯಾಲರಿಗಳಲ್ಲಿ ಪ್ರಿಂಟ್ ಕೊಳ್ಳಲೂ ಸಿಗುತ್ತದೆ, ಮುಜುಗರ ಇಲ್ಲದೆ ಬೆಲೆ ಕೇಳಿ. ಯಾವ ಕಾಗದ, ಒಟ್ಟು ಎಷ್ಟು ಪ್ರತಿ ಹಾಕಿಸುತ್ತಾರೆ ಅಂತಲೂ ಕೇಳಿ, ಹಿಂಬದಿಗೆ ಪೆನ್ಸಿಲಿನಲ್ಲಿ ಸಹಿ ಹಾಕಿಸಿಕೊಳ್ಳಿ. ಫ್ರೇಮು ಮಾತ್ರ ಬೇಡ. ಸುರುಳಿ ಸುತ್ತಿ ಗಟ್ಟಿ ರಟ್ಟಿನ ಕೊಳವೆಯಲ್ಲಿ ಹಾಕಿಸಿ ಕೈಯಲ್ಲೇ ಹಿಡಿದುಕೊಂಡು ವಿಮಾನ ಹತ್ತಿ. ಉದ್ದ ಜಾಸ್ತಿಯಾದರೆ ವಿಮಾನದವರನ್ನು ಮೊದಲೇ ಕೇಳಿಕೊಳ್ಳಿ. ಹಳೇ ಸಾಮಾನಿನ ಅಂಗಡಿಯಲ್ಲಿ ಸಿಗುವ ರಾಜರ ಕಾಲದ ಫೋಟೋಗಳ ವಿಷಯ ಬೇರೆ. 100 ವರ್ಷ ದಾಟಿದ ಐತಿಹಾಸಿಕ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಒಯ್ಯಲು 1972ರ ಪ್ರಾಚ್ಯವಸ್ತು ಕಾಯ್ದೆ ಬಿಡುವುದಿಲ್ಲ. ಅಂಥದ್ದು ತೀರಾ ಇಷ್ಟವಾದರೆ ಕೊಂಡು ಅಕ್ಕನ ಮನೆಯ ಗೋಡೆಗೆ ಹಾಕಿ ಬನ್ನಿ.