ಹದಿಮೂರು ಜೋಡಿ, ಒಂದೂ ಸರಿ ಇಲ್ಲ

ಬೆಂಗಳೂರಲ್ಲಿ ಉಲ್ಕೆಗಳ ವಿಡಿಯೋ ನೋಡಿ ಲೆಕ್ಕ ಹಾಕೋದು ನನ್ನ ಕೆಲಸ. ಒಂದು ಕ್ಯಾಮೆರಾ ಯಲಹಂಕದಲ್ಲಿ ಟೆರೇಸ್ ಮೇಲಿದೆ, ಇನ್ನೊಂದು ಕೋಲಾರದ ಹತ್ತಿರ, ಮಧ್ಯೆ ಸುಮಾರು 60 ಕಿಲೋಮೀಟರ್. ಒಂದೇ ಉಲ್ಕೆ ಎರಡರಲ್ಲೂ ಸಿಕ್ಕರೆ, ಹಿಂದಿನ ನಕ್ಷತ್ರಗಳ ಎದುರು ಅದರ ಗೆರೆ ಎಷ್ಟು ಸರಿದಿದೆ ಅಂತ ನೋಡಿ ಎತ್ತರ, ವೇಗ ಎರಡೂ ತೆಗೆಯಬಹುದು.

ಆಗಸ್ಟ್‌ನ ಪರ್ಸೀಡ್ ಉಲ್ಕಾವರ್ಷದ ಹೊತ್ತಿಗೆ ನಮ್ಮಲ್ಲಿ ಬರೀ ಮೋಡ. ಹಾಗಾಗಿ ವರ್ಷವೆಲ್ಲ ಕಾಯೋದು ಡಿಸೆಂಬರ್ 13–14ರ ಜೆಮಿನಿಡ್ ಉಲ್ಕಾವರ್ಷಕ್ಕೆ. ರಾತ್ರಿ ಎರಡರ ಹೊತ್ತಿಗೆ, ಈ ಉಲ್ಕೆಗಳು ಹೊರಟು ಬರುವಂತೆ ಕಾಣುವ ಮಿಥುನ ರಾಶಿ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತದೆ, ಇದಕ್ಕಿಂತ ಒಳ್ಳೆ ಸಮಯ ಬೇಕಾ?

ಒಂದು ವರ್ಷ ಆ ರಾತ್ರಿ ಒಂದೊಂದು ಕ್ಯಾಮೆರಾದಲ್ಲೂ ಸುಮಾರು 150 ಉಲ್ಕೆ ಸಿಕ್ಕಿದ್ದವು. ಜೋಡಿಯಾದದ್ದು ಹದಿಮೂರು ಮಾತ್ರ. ಅದರಲ್ಲೂ ಒಂದು 190 ಕಿಲೋಮೀಟರ್ ಎತ್ತರದಲ್ಲಿ ಹೊತ್ತಿಕೊಂಡಿದೆ ಅಂತ ಬಂತು, ಇನ್ನೊಂದರ ವೇಗ ಸೆಕೆಂಡಿಗೆ 50 ಕಿಲೋಮೀಟರ್. ಜೆಮಿನಿಡ್ ಬರುವುದು ಸುಮಾರು 35ರಲ್ಲಿ, ಹೊತ್ತಿಕೊಳ್ಳುವುದು 100 ಕಿಲೋಮೀಟರ್ ಆಸುಪಾಸಿನಲ್ಲಿ. ನಾನು ಎರಡು ದಿನ ಲೆನ್ಸಿನ ಅಳತೆ ತಪ್ಪಿರಬೇಕು ಅಂತ ನಕ್ಷತ್ರಗಳನ್ನೇ ಮತ್ತೆ ಮತ್ತೆ ಹೊಂದಿಸುತ್ತಾ ಕೂತೆ.

ನಮ್ಮ ಮೇಡಂ ಬಂದು ನೋಡಿ, "ಎತ್ತರ ಆಮೇಲೆ ನೋಡೋಣಪ್ಪ, ಮೊದಲು ಒಂದು ಫೈರ್‌ಬಾಲ್ ಹುಡುಕು" ಅಂದರು. ಫೈರ್‌ಬಾಲ್ ಅಂದರೆ ಶುಕ್ರನಿಗಿಂತ ಜಾಸ್ತಿ ಬೆಳಗುವ ಉಲ್ಕೆ, ಬೇರೆದರ ಜೊತೆ ಬೆರೆಸೋಕೇ ಆಗಲ್ಲ. ಒಂದು ಸಿಕ್ಕಿತು. ಕೊನೆಗೆ ಎರಡು ಸಲ ಭಗ್ಗಂತ ಹೊಳೆದು ಆರಿತ್ತು, ಎರಡೂ ವಿಡಿಯೋದಲ್ಲಿ ಅದೇ ಎರಡು ಹೊಳಪು. ಆದರೆ ಕೋಲಾರದ ಗಡಿಯಾರ 23 ಸೆಕೆಂಡ್ ಮುಂದಿತ್ತು! ಅಲ್ಲಿ ಮೂರು ವಾರದಿಂದ ಇಂಟರ್ನೆಟ್ ಇರಲಿಲ್ಲ, ಕಂಪ್ಯೂಟರ್ ಗಡಿಯಾರ ದಿನಕ್ಕೆ ಒಂದು ಸೆಕೆಂಡಿನಂತೆ ಸುಮ್ನೆ ಸರಿಯುತ್ತಾ ಹೋಗಿತ್ತು. ನಮ್ಮ ಸಾಫ್ಟ್‌ವೇರ್ 10 ಸೆಕೆಂಡ್ ಒಳಗೆ ಬಂದ ಎರಡು ಗೆರೆಗಳನ್ನು ಒಂದೇ ಉಲ್ಕೆ ಅಂತ ತೆಗೆದುಕೊಳ್ಳುತ್ತದೆ. ಬೇರೆ ದಿನ ಆಗಿದ್ದರೆ ಜೋಡಿಯೇ ಸಿಗುತ್ತಿರಲಿಲ್ಲ, ತಪ್ಪು ಅವತ್ತೇ ಗೊತ್ತಾಗುತ್ತಿತ್ತು. ಜೆಮಿನಿಡ್ ರಾತ್ರಿ ಉಲ್ಕೆಗಳು ಅಷ್ಟು ಜಾಸ್ತಿ ಇರುವುದರಿಂದ, ಒಂದಕ್ಕೊಂದು ಸಂಬಂಧವೇ ಇಲ್ಲದವು ಜೋಡಿಯಾಗಿ ಕೂತಿದ್ದವು.

23 ಸೆಕೆಂಡ್ ಕಳೆದು ಮತ್ತೆ ಓಡಿಸಿದೆವು. 70ಕ್ಕೂ ಹೆಚ್ಚು ಜೋಡಿ ಬಂದವು, ಎತ್ತರಗಳೆಲ್ಲ ಜಾಗಕ್ಕೆ ಬಂದವು. ಹಳೆಯ ಹದಿಮೂರರಲ್ಲಿ ಒಂದೂ ಉಳಿಯಲಿಲ್ಲ.

ಈಗ ಕೋಲಾರದಲ್ಲಿ ಜಿಪಿಎಸ್ ಗಡಿಯಾರ ಹಾಕಿಸಿದ್ದೇವೆ. ಆದರೂ ಡಿಸೆಂಬರ್ ಬಂದರೆ ದಿನಾ ಸಂಜೆ ಅಲ್ಲಿನ ಹುಡುಗನಿಗೆ ಫೋನ್ ಮಾಡಿ, ಎರಡೂ ಕಡೆ ಸ್ಕ್ರೀನ್ ಮೇಲಿನ ಸೆಕೆಂಡ್ ಓದಿಸಿಕೊಂಡೇ ಕ್ಯಾಮೆರಾ ಆನ್ ಮಾಡುತ್ತೇನೆ.